ಹನಿ ಬೀಳುವಷ್ಟು ಹೊತ್ತು

ನನಗೆ ಸಿಟ್ಟು ಬಂದಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಥೆ ಕೇಳಿದವರೆಲ್ಲ ಕೊನೆಗೆ ಒಂದೇ ಮಾತು ಆಡುತ್ತಾರೆ: "ಅಷ್ಟಕ್ಕೆಲ್ಲ ಯಾಕೆ ಸಿಟ್ಟು ದಾಕ್ಷಾಯಿಣಿ, ಯಜಮಾನ್ರು ಪ್ರೀತಿಯಿಂದ ಕಾಫಿ ಮಿಷನ್ ತಂದ್ಕೊಟ್ಟಿದಾರೆ." ಪ್ರೀತಿ ಎಂಬುದನ್ನು ನಾನೂ ಮೂವತ್ತೊಂದು ವರ್ಷ ನೋಡಿದ್ದೇನೆ. ಅದು ರಟ್ಟಿನ ಪೆಟ್ಟಿಗೆಯಲ್ಲಿ ಥರ್ಮೋಕೋಲ್ ಸುತ್ತಿಕೊಂಡು ಮಂಗಳವಾರ ಮಧ್ಯಾಹ್ನ ಆಟೋದಲ್ಲಿ ಬರುವುದಿಲ್ಲ.

ನಮ್ಮೂರಿನಲ್ಲಿ ಬೆಳಗಿನ ಮೊದಲ ಕಾಫಿಗೆ ಯಾರು ನೀರು ಹೊಯ್ಯುತ್ತಾರೋ ಮಾತು ಅವರದು. ಮೊದಲ ಹನಿ ಬಿದ್ದಾಗಿನಿಂದ ಕೊನೆಯ ಹನಿ ಬೀಳುವವರೆಗೆ ಮನೆಯಲ್ಲಿರುವ ಉಳಿದವರಿಗೆ ನಾಲಿಗೆ ಏಳುವುದಿಲ್ಲ, ಹೊಸಿಲು ದಾಟಲು ಕಾಲು ಬರುವುದಿಲ್ಲ. ಕೂತು ಕೇಳಬೇಕು. ಕೊನೆಯ ಹನಿ ಬಿದ್ದ ಮೇಲೆ ಎಲ್ಲ ಎಂದಿನಂತೆ. ನೀವು ಮಾತಾಡುತ್ತಿದ್ದರೆ ಅವರು ಪೇಪರು ಬಿಡಿಸುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ, "ಆಮೇಲೆ ನೋಡೋಣ" ಎನ್ನುತ್ತಾರೆ. ದಿನದ ಎರಡನೇ ಸಲ ಇಳಿಸಿದ ಕಾಫಿ ಬರೀ ಕಾಫಿ. ಗಂಡಸರು ಎದ್ದು ನೀರು ಹೊಯ್ದರೆ ಮಾತು ಅವರದೇ ಆಗುತ್ತಿತ್ತು. ಆದರೆ ಅಷ್ಟು ಬೇಗ ಎದ್ದು ಅಡುಗೆಮನೆಗೆ ಬರುವ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅದಕ್ಕೇ ನಮ್ಮಲ್ಲಿ ಹೆಣ್ಣು ಕೊಡುವವರು ಚಿನ್ನ ಆಮೇಲೆ ನೋಡುತ್ತಾರೆ, ಫಿಲ್ಟರ್ ಮೊದಲು. ನನ್ನ ಅಮ್ಮ ನನಗೆಂದು ಹಿತ್ತಾಳೆ ಫಿಲ್ಟರ್ ಮಾಡಿಸುವಾಗ ಕಂಚುಗಾರನ ಪಕ್ಕದಲ್ಲೇ ಕೂತು ತೂತು ಹಾಕಿಸಿದ್ದಳು. ಒಂದೊಂದೂ ಸಾಸಿವೆಯ ಅರ್ಧ. ಡಿಕಾಕ್ಷನ್ ಇಳಿಯಲು ನಲವತ್ತು ನಿಮಿಷ ಬೇಕು. ನಮ್ಮತ್ತೆ ನಾನು ಬಂದ ಎರಡನೇ ವಾರಕ್ಕೇ ಮಧ್ಯಾಹ್ನ ಕದ್ದು ರಜಾಯಿ ಹೊಲಿಯುವ ಸೂಜಿಯಿಂದ ಎರಡು ತೂತು ದೊಡ್ಡದು ಮಾಡಿದರು. ಮೂವತ್ತೆರಡು ನಿಮಿಷಕ್ಕೆ ಇಳಿಯಿತು. ನಾನು ಅದನ್ನು ತವರಿಗೆ ಒಯ್ದು ಬೆಸುಗೆ ಹಾಕಿಸಿಕೊಂಡು ಬಂದೆ. ಹಾಗೆ ಕಾಪಾಡಿಕೊಂಡ ಫಿಲ್ಟರ್ ಅದು. ಅಂಗಡಿಯಲ್ಲಿ ಕೊಂಡ ಫಿಲ್ಟರಿನಲ್ಲಿ ಕಾಫಿ ಇಳಿಯುತ್ತದೆ, ಯಾರ ನಾಲಿಗೆಯೂ ಕಟ್ಟುವುದಿಲ್ಲ. ತವರಿನದೇ ಆಗಬೇಕು, ಇಲ್ಲವೇ ತವರಿನದನ್ನು ಕೊಟ್ಟು ಅದರ ಬದಲಿಗೆ ತಂದದ್ದಾಗಬೇಕು.

ಈಗ ಕೋಣೆಯ ವಿಚಾರ. ನಮ್ಮ ಮನೆಯ ಮುಂದೆ ಬೀದಿಗೆ ಕಿಟಕಿ ಇರುವ ಒಂದು ಕೋಣೆ ಇದೆ. ಹತ್ತೊಂಬತ್ತು ವರ್ಷದಿಂದ ಅಲ್ಲಿ ನನ್ನ ಹೊಲಿಗೆ ಮಿಷನ್ ಇದೆ. ಈ ಬೀದಿಯ ಹೆಂಗಸರ ರವಿಕೆ, ಮಕ್ಕಳ ಸ್ಕೂಲ್ ಯೂನಿಫಾರ್ಮ್, ಯಾರದೋ ಮದುವೆಯ ಲಂಗ, ಎಲ್ಲ ಅಲ್ಲೇ ಆದದ್ದು. ಬೆಳಗಿನ ಬಿಸಿಲು ಸೂಜಿಯ ಮೇಲೇ ಬೀಳುತ್ತದೆ, ಕಪ್ಪು ಬಟ್ಟೆಗೆ ಕಪ್ಪು ನೂಲು ಹಾಕಿದರೂ ಹೊಲಿಗೆ ಕಾಣುತ್ತದೆ. ಆಷಾಢದ ಕೊನೆಯ ವಾರ ನಮ್ಮ ಯಜಮಾನರು, ಗುರುಮಲ್ಲಪ್ಪ, ಊಟಕ್ಕೆ ಕೂತಾಗ ಉಪ್ಪಿನಕಾಯಿ ಕೇಳುವ ದನಿಯಲ್ಲಿ ಹೇಳಿದರು: "ಮುಂದಿನ ಕೋಣೆ ನಾಗನಿಗೆ ಕೊಟ್ಟಿದೀನಿ. ಶ್ರಾವಣ ಸೋಮವಾರ ಬರ್ತಾನೆ. ನಿನ್ನ ಮಿಷನ್ ಹಿತ್ತಿಲ ಕಡೆ ಇಟ್ಕೋ."

ನಾಗ ಎಂದರೆ ನಾಗಭೂಷಣ, ಅವರ ತಮ್ಮ. ನಾನು ಮದುವೆಯಾಗಿ ಬಂದಾಗ ಚಡ್ಡಿ ಹಾಕುತ್ತಿದ್ದವನು, ಈಗ ಹಿಂದಿನ ಬೀದಿಯಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾನೆ. ಬೋರ್‌ವೆಲ್ ಪೈಪಿನ ಏಜೆನ್ಸಿ ತೆಗೆಯುತ್ತಾನಂತೆ. ಹಿತ್ತಿಲ ಕಡೆ ಇರುವುದು ಸೌದೆ ಒಟ್ಟುವ ಜಾಗ, ಕಿಟಕಿ ಇಲ್ಲ. ನಾನು ಮರುದಿನ ಬೆಳಿಗ್ಗೆಯಿಂದಲೇ ಶುರು ಮಾಡಿದೆ. ಏಳು ಬೆಳಿಗ್ಗೆ, ಒಂದೊಂದಕ್ಕೆ ನಲವತ್ತು ನಿಮಿಷ. ಏಳನೇ ದಿನ ಅವರು ಎಡಗಿವಿ ಕೆರೆದುಕೊಂಡರು. ಅವರು ಸೋಲುವಾಗ ಹಾಗೆ ಕೆರೆದುಕೊಳ್ಳುತ್ತಾರೆ ಎಂದು ನಾನು ತಿಳಿದಿದ್ದೆ. ಅದೇ ದಿನ ಮಧ್ಯಾಹ್ನ ಕಾಫಿ ಮಿಷನ್ ಬಂತು.

ಕರ್ರಗೆ ಹೊಳೆಯುವ ಗಡವ, ಪಕ್ಕಕ್ಕೆ ಬೀಜ ಬೀಸಲು ಒಂದು ಚಿಕ್ಕ ಗ್ರೈಂಡರ್. "ಎಸ್ಪ್ರೆಸೋ ಅಂತಾರೆ. ದೊಡ್ಡ ದೊಡ್ಡ ಊರಲ್ಲಿ ಎಲ್ಲಾ ಇದೇ. ಇಪ್ಪತ್ತೈದು ಸೆಕೆಂಡಿಗೆ ಕಾಫಿ ರೆಡಿ" ಎಂದರು. ಇಪ್ಪತ್ತೈದು ಸೆಕೆಂಡು ಎನ್ನುವಾಗ ಅವರ ಮುಖದಲ್ಲಿ ಬಂದ ಸಂತೋಷವನ್ನು ನಾನು ನಮ್ಮ ಮಗಳು ಹುಟ್ಟಿದಾಗಲೂ ನೋಡಿರಲಿಲ್ಲ.

"ಫಿಲ್ಟರ್ ಎಲ್ಲಿ?" ಎಂದೆ.

"ಹಳೇದು ಕೊಟ್ರೇನೇ ಹೊಸದು ಕೊಡೋದು. ಪಾತ್ರೆ ಅಂಗಡೀಲಿ ಎಕ್ಸ್‌ಚೇಂಜ್ ಇಟ್ಟಿದಾರೆ. ನಿಂಗೇ ಸುಲಭ ಆಗ್ಲಿ ಅಂತ ಕಣೆ."

ನಾನು ಸೆರಗು ಸಿಕ್ಕಿಸಿಕೊಂಡು ಪಾತ್ರೆ ಅಂಗಡಿಗೆ ಓಡಿದೆ. ಅಂಗಡಿಯ ಹಿಂದೆ ತಗಡಿನ ಡಬ್ಬದ ತುಂಬ ಬೀದಿಯ ಫಿಲ್ಟರುಗಳೆಲ್ಲ ತಟ್ಟಿ ಚಪ್ಪಟೆಯಾಗಿ ಬಿದ್ದಿದ್ದವು. ನನ್ನದು ಯಾವುದೆಂದು ಗುರುತಾಗಲಿಲ್ಲ. ಬೆಸುಗೆ ಹಾಕಿದ ತಳ ಹುಡುಕೋಣವೆಂದು ಕೈ ಹಾಕಿದೆ, ಅಂಗಡಿಯವನು "ಕೈ ಕುಯ್ಯುತ್ತೆ ಅಮ್ಮ" ಎಂದ. ಕುಯ್ದಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎನ್ನುತ್ತಾರೆ. ಇಲ್ಲಿ ಕೊಟ್ಟವರು ನಮ್ಮ ಯಜಮಾನರು, ಕೋಡಂಗಿಯಾದವಳು ನಾನು.

ನಮ್ಮ ಬೀದಿಯಲ್ಲಿ ಆ ವಾರ ಹನ್ನೊಂದು ಮನೆಗೆ ಮಿಷನ್ ಬಂತು. ಕ್ಷೌರದ ಅಂಗಡಿಯಲ್ಲಿ ಗಂಡಸರೆಲ್ಲ ಸೇರಿ ಯೋಚಿಸಿದ್ದರಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಹೆಂಗಸರ ಮಾತು ನಿಲ್ಲಿಸಿದ ಹಾಗೂ ಆಗಬಾರದು, ಕೇಳಿದ ಹಾಗೂ ಆಗಬಾರದು. ಎದುರು ಮನೆಯ ಕೋಮಲ ತನ್ನ ಗಂಡನನ್ನು ಒಂದು ದಿನವೂ ಬೈದವಳಲ್ಲ. ಹಿಂದಿನ ರಾತ್ರಿ ಕಂಡ ಕನಸನ್ನು ಹೇಳುತ್ತಿದ್ದಳು, ಅಷ್ಟೇ. ಮಿಷನ್ ಬಂದ ಮರುದಿನ ಅವಳು ನಮ್ಮ ಜಗಲಿಗೆ ಬಂದು ಕೂತಳು. "ಕನಸಲ್ಲಿ ಒಂದು ಕೆರೆ ಇತ್ತು ಅಂದೆ ಅಕ್ಕ, ಮುಗ್ದೇ ಹೋಯ್ತು. ಕೆರೇಲಿ ಏನಿತ್ತು ಅಂತ ಅವ್ರು ಕೇಳ್ಲೂ ಇಲ್ಲ" ಎಂದಳು. ಅವಳು ಅಳಲಿಲ್ಲ. ನನಗೆ ಅಳುವವರಿಗಿಂತ ಇಂಥವರನ್ನು ಕಂಡರೆ ಹೆಚ್ಚು ಸಂಕಟವಾಗುತ್ತದೆ.

ಬುಧವಾರ ನಾನು ಮೊದಲ ಸಲ ಅದರ ಮುಂದೆ ನಿಂತೆ. ಹಿಡಿಕೆ ಇರುವ ಬಟ್ಟಲಿಗೆ ಡಬ್ಬಿಯಲ್ಲಿದ್ದ ಫಿಲ್ಟರ್ ಪುಡಿಯನ್ನೇ ತುಂಬಿ, ಸಿಕ್ಕಿಸಿ, ಗುಂಡಿ ಒತ್ತಿದೆ; ನೀರು ಹೊಯ್ಯುವುದೆಂದರೆ ಈಗ ಇದೇ. ಯಜಮಾನರು ಕೈಗಡಿಯಾರ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಕೊಳಾಯಿ ಬಿಟ್ಟ ಹಾಗೆ ಸುರಿಯಿತು. "ನೋಡಿ, ಆ ಕೋಣೆ ಇದೆಯಲ್ಲ, ಅದು ನಾನು" ಎನ್ನುವಷ್ಟರಲ್ಲಿ ನಿಂತಿತು. ಎಂಟು ಸೆಕೆಂಡು. ಅವರು ಎದ್ದು ಹೋದರು. ಲೋಟಕ್ಕೆ ಇಳಿದದ್ದನ್ನು ಕುಡಿದು ನೋಡಿದೆ, ಹುಣಸೆಹಣ್ಣು ತೊಳೆದ ನೀರು.

ಗುರುವಾರ ನಾನು ಜಾಣತನ ಮಾಡಲು ಹೋದೆ. ಸಣ್ಣ ತೂತಿನಲ್ಲಿ ನೀರು ನಿಧಾನ ಇಳಿಯುತ್ತದೆ ಎಂಬುದು ನಮ್ಮೂರಿನ ಹೆಣ್ಣುಮಕ್ಕಳಿಗೆ ಹಾಲು ಕುಡಿಯುವಾಗಲೇ ಗೊತ್ತು. ಹಾಗಾದರೆ ಪುಡಿ ಸಣ್ಣಗಾದರೂ ನಿಧಾನ ಇಳಿಯಬೇಕಲ್ಲ. ಬೀಜ ತಂದು, ಗ್ರೈಂಡರಿನ ಉಂಗುರವನ್ನು ತಿರುಗುವಷ್ಟೂ ಬಿಗಿ ತಿರುಗಿಸಿ, ಮುಖಕ್ಕೆ ಹಚ್ಚುವ ಪೌಡರಿನಂತೆ ಬೀಸಿದೆ. ಅದನ್ನು ಒತ್ತಲು ಮಿಷನ್ ಜೊತೆ ಬಂದ ಉಕ್ಕಿನ ಗುಂಡು ಸಾಲದೆಂದು ಅದರ ಮೇಲೆ ನನ್ನ ಇದ್ದಿಲು ಇಸ್ತ್ರಿಪೆಟ್ಟಿಗೆ ಇಟ್ಟು, ಅದರ ಮೇಲೆ ನಾನು ಮೈಭಾರ ಬಿಟ್ಟೆ. ಒಂದು ಗಂಟೆಯಾದರೂ ಇಳಿಯಲಿ, ಮೂವತ್ತೊಂದು ವರ್ಷದ್ದೆಲ್ಲ ಹೇಳುತ್ತೇನೆ ಎಂದುಕೊಂಡೆ. ಗುಂಡಿ ಒತ್ತಿದರೆ ಮಿಷನ್ ನರಳಿತು. ಹನಿ ಬೀಳಲಿಲ್ಲ. ಹನಿ ಬೀಳದಿದ್ದರೆ ಮಾತಿಲ್ಲ, ಯಾರ ನಾಲಿಗೆಯೂ ಕಟ್ಟುವುದಿಲ್ಲ. ಯಜಮಾನರು ಸಾವಕಾಶ ಪೇಪರು ಓದಿದರು. ನಾನು ತಾಳಲಾರದೆ ಹಿಡಿಕೆ ತಿರುಗಿಸಿ ಎಳೆದೆ. ಢಬ್ ಎಂದು ಸಿಡಿದು ಕಾಫಿ ಕೆಸರು ಚಾವಣಿಗೆ ಅಂಟಿತು, ಅವರ ಬಿಳಿ ಬನಿಯನ್ನಿಗೂ.

"ನಿಂಗೆ ಕೋಪ ಜಾಸ್ತಿ. ಅದಕ್ಕೇ ಹಿಂಗಾಗೋದು" ಎಂದು ಅವರು ನಕ್ಕರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಆ ಬನಿಯನ್ನು ನಾನು ಒಗೆಯಲಿಲ್ಲ, ಈಗಲೂ ಒಗೆದಿಲ್ಲ.

ಅವತ್ತು ಮಧ್ಯಾಹ್ನ ಫಿಲೋಮಿನಾ ರವಿಕೆಯ ತೋಳು ಸಡಿಲಿಸಿಕೊಳ್ಳಲು ಬಂದಳು. ಕೊನೆಯ ಬೀದಿಯಲ್ಲಿ ಒಬ್ಬಳೇ ಇರುವವಳು. ಬೇರೊಂದು ಊರಿನ ದೊಡ್ಡ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಇಂಥದೇ ಮಿಷನ್ನಿನ ಮುಂದೆ ನಿಂತು ಬಂದಿದ್ದಳು. ನನ್ನ ಚಾವಣಿ ನೋಡಿ, ಮೂಸಿ, "ಇದ್ಯಾರು ಅಕ್ಕ ಕಾಫೀನ ಗಾರೆ ಮಾಡಿದ್ದು" ಎಂದಳು.

ಅವಳೇ ಕಲಿಸಿದಳು. ಅಕ್ಕಸಾಲಿಗರ ಚಿಕ್ಕ ತಕ್ಕಡಿ ತಂದು ಹದಿನೆಂಟು ಗ್ರಾಂ ತೂಗಿಸಿದಳು. "ಕಣ್ಣಳತೆ ಇಲ್ಲಿ ನಡಿಯಲ್ಲ. ನೀವು ರವಿಕೆ ಕಣ್ಣಳತೇಲಿ ಕತ್ತರಿಸ್ತೀರಾ?" ಎಂದಳು. ಪುಡಿಯನ್ನು ಬಟ್ಟಲಿಗೆ ಹಾಕಿ ಬೆರಳಿನಿಂದ ಸಮ ಮಾಡಬೇಕು, ಗುಂಡನ್ನು ನೆಟ್ಟಗೆ ಇಟ್ಟು ಒತ್ತಬೇಕು. ವಾರೆಯಾದರೆ ನೀರು ಸಡಿಲ ಇರುವ ಕಡೆ ದಾರಿ ಮಾಡಿಕೊಂಡು ಓಡಿಬಿಡುತ್ತದೆ, ಉಳಿದ ಪುಡಿಯನ್ನು ಮುಟ್ಟುವುದೂ ಇಲ್ಲ. ಪುಡಿ ದಪ್ಪವಾದರೆ ಬೇಗ ಸುರಿದು ಹುಳಿ, ತೀರಾ ಸಣ್ಣಗಾದರೆ ಎಳೆದೆಳೆದು ಕಹಿ. ನಡುವೆ ಒಂದು ಹದ ಇದೆ. ಗ್ರೈಂಡರಿನ ಉಂಗುರವನ್ನು ಒಂದೊಂದೇ ಗೆರೆ ತಿರುಗಿಸಿ ಅದನ್ನು ಹುಡುಕಬೇಕು. ನನಗೆ ಬೇಗ ಅರ್ಥವಾಯಿತು. ಹೊಲಿಗೆ ಮಿಷನ್ನಿನಲ್ಲಿ ನೂಲಿನ ಬಿಗಿ ಸರಿ ಮಾಡುವುದೂ ಹೀಗೇ, ಬಟ್ಟೆ ಬದಲಾದಾಗಲೆಲ್ಲ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸುವುದು.

"ಎಷ್ಟು ಹೊತ್ತು ಎಳೀಬಹುದು?" ಎಂದು ಕೇಳಿದೆ. ನನಗೆ ಬೇಕಾದದ್ದು ಅದೊಂದೇ.

"ಇಪ್ಪತ್ತೈದು, ಇಪ್ಪತ್ತೇಳು. ಮೂವತ್ತಕ್ಕೆ ನಿಲ್ಲಿಸ್ಬೇಕು. ಅದ್ರ ಮೇಲೆ ಬರೋದು ಕಾಫಿ ಅಲ್ಲ."

"ನಂಗೆ ನಲವತ್ತು ನಿಮಿಷ ಇತ್ತು ಫಿಲೋಮಿನಾ."

ಅವಳು ಗುಂಡನ್ನು ಒರೆಸಿಟ್ಟಳು. "ನಮ್ಮನೇಲಿ ಕೇಳೋರೇ ಇಲ್ಲ ಅಕ್ಕ. ಹನಿ ಬೀಳೋವಾಗ ಕಾಫಿ ನೋಡ್ತೀನಿ, ಅಷ್ಟೇ. ಅದಕ್ಕೇ ನನ್ನ ಕಾಫಿ ಚೆನ್ನಾಗಿರುತ್ತೆ" ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಷ್ಟು ಹೊತ್ತು ಏನೇನ್ ಹೇಳ್ತಿದ್ರಿ?" ಆ ಪ್ರಶ್ನೆ ನನಗೆ ಹಿಡಿಸಲಿಲ್ಲ. ಅವಳ ತೋಳನ್ನು ಬೇಕೆಂದೇ ಅರ್ಧ ಇಂಚು ಬಿಗಿ ಹೊಲಿದೆ, ಆಮೇಲೆ ನಾಚಿಕೆಯಾಗಿ ಬಿಚ್ಚಿದೆ.

ಶುಕ್ರವಾರ ಹದಿನಾಲ್ಕು ಸೆಕೆಂಡು ಬಂತು. ಹಿಂದಿನ ಸಂಜೆಯೆಲ್ಲ ಉರು ಹೊಡೆದಿದ್ದನ್ನು ಒಂದೇ ಉಸಿರಿಗೆ ಒದರಿದೆ. ಹರಾಜು ಕೂಗುವವರೂ ಅಷ್ಟು ಬೇಗ ಕೂಗುವುದಿಲ್ಲ. ಯಜಮಾನರು "ಏನಂದೆ?" ಎಂದರು, ಉತ್ತರಕ್ಕೆ ಕಾಯದೆ ಹೊರಟರು. ಶನಿವಾರ ಒತ್ತುವಾಗ ಕೈ ವಾರೆಯಾಗಿ ಕಾಫಿ ಒಂದು ಪಕ್ಕಕ್ಕೆ ಚಿಮ್ಮಿತು. ಹತ್ತೊಂಬತ್ತು ಸೆಕೆಂಡು ಸಿಕ್ಕಿತ್ತು, ಆದರೆ ಸೆರಗಿನಿಂದ ಮಿಷನ್ ಒರೆಸುವುದರಲ್ಲೇ ಕಳೆಯಿತು. ಎರಡು ದಿನ ಉಳಿದಿತ್ತು. ನಾಗಭೂಷಣ ಬೋರ್ಡು ಬರೆಸಿ ಆಗಿದೆ ಎಂದು ಸಂಜೆ ಕೋಮಲ ಬಂದು ಹೇಳಿದಳು.

ಭಾನುವಾರ ಬಂತು ನೋಡಿ ಕಾಫಿ. ಉಂಗುರ ಆರನೇ ಗೆರೆಯಲ್ಲಿತ್ತು, ಒತ್ತಿದ್ದು ನೆಟ್ಟಗಿತ್ತು. ಮೊದಲ ಹನಿ ಬಿದ್ದು, ಆಮೇಲೆ ದಾರದ ಹಾಗೆ ಸಣ್ಣಗೆ, ಜೇನಿನ ಬಣ್ಣದಲ್ಲಿ ಇಳಿಯಿತು. ಮೇಲೆ ಹೊಂಬಣ್ಣದ ನೊರೆ ಕಟ್ಟಿತು. ಪೂರಾ ಇಪ್ಪತ್ತಾರು ಸೆಕೆಂಡು. ಆ ಇಪ್ಪತ್ತಾರರಲ್ಲಿ ನಾನು ಹೇಳಿದ್ದೇನು? ನಾಗಭೂಷಣನ ಮದುವೆಯಲ್ಲಿ ನನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದ್ದು. ನಮ್ಮತ್ತೆಯ ಸೂಜಿ. ಅವರ ಅಕ್ಕ ನನ್ನ ಬಣ್ಣದ ಬಗ್ಗೆ ಆಡಿದ ಮಾತು. ಕೋಣೆ ಎನ್ನುವ ಪದ ಬಾಯಿಗೆ ಬರುವಷ್ಟರಲ್ಲಿ ಕೊನೆಯ ಹನಿ ಬಿದ್ದಿತ್ತು. ಯಜಮಾನರು ಒಂದು ಗುಟುಕು ಕುಡಿದು, "ಕಾಫಿ ಮಾತ್ರ ಚೆನ್ನಾಗಿದೆ ಕಣೆ" ಎಂದರು. ಆ "ಮಾತ್ರ" ನನ್ನ ಎದೆಯಲ್ಲಿ ಮುರಿದ ಸೂಜಿಯಂತೆ ನಿಂತಿತು.

ಮಧ್ಯಾಹ್ನ ಕೋಣೆಯಲ್ಲಿ ಕೂತೆ. ಹೊಲಿಯಲು ಮನಸ್ಸಾಗಲಿಲ್ಲ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಅಳತೆಗಳು, ಎಷ್ಟೋ ಹುಡುಗಿಯರ ಎದೆ, ಸೊಂಟ, ತೋಳು. ಅವರೀಗ ಮಕ್ಕಳ ಅಳತೆ ಕೊಡಲು ಬರುತ್ತಾರೆ. ಪೆಡಲಿನ ಕೆಳಗೆ ನನ್ನ ಹಿಮ್ಮಡಿ ಊರಿ ಊರಿ ಗಾರೆ ಸವೆದು ಒಂದು ಗುಳಿಯಾಗಿದೆ. ಫಿಲೋಮಿನಾ ಕೇಳಿದ್ದು ಅಲ್ಲಿ ಮತ್ತೆ ನೆನಪಾಯಿತು. ಏಳು ಬೆಳಿಗ್ಗೆ ನಲವತ್ತು ನಲವತ್ತು ನಿಮಿಷ ನಾನು ಏನು ಹೇಳಿದ್ದೆ? ಹಾಲಿನವನಿಂದ ಶುರು ಮಾಡಿ, ಮದುವೆಯ ಸೀರೆಗೆ ಹೋಗಿ, ಅವರ ವಂಶವನ್ನೆಲ್ಲ ಜಾಲಾಡಿ, ಕೊನೆಗೆ ಸುಸ್ತಾಗಿ ಕೋಣೆಗೆ ಬರುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ನಾಲಿಗೆ ಕಟ್ಟಿರುತ್ತಿತ್ತು, ಕಿವಿಯನ್ನು ಅವರೇ ಕಟ್ಟಿಕೊಂಡಿರುತ್ತಿದ್ದರು. ಗೋರ್ಕಲ್ಲ ಮೇಲೆ ಮಳೆ ಕರೆದಂತೆ ನಾನು ಮೂವತ್ತೊಂದು ವರ್ಷ ಸುರಿದಿದ್ದೆ. ಕಿವಿ ಕೆರೆದುಕೊಂಡದ್ದು ಸೋತದ್ದಕ್ಕಲ್ಲ, ಕಿವಿ ನವೆಯಾದದ್ದಕ್ಕೆ. ಅಷ್ಟರಲ್ಲಾಗಲೇ ಮಿಷನ್ ಗೊತ್ತು ಮಾಡಿ ಬಂದಿದ್ದರಲ್ಲ.

ಇನ್ನೂ ಒಂದು ಹೊಳೆಯಿತು. ಕ್ಷೌರದ ಅಂಗಡಿಯಲ್ಲಿ ಕೂತು ಅವರು ಊರಿಗೆಲ್ಲ ಹೇಳುವ ಮಾತೊಂದಿದೆ: "ಮನೇಲಿ ನಂಗೆ ಮಾತಾಡೋಕೆ ಬಿಟ್ರೆ ತಾನೆ." ಕೇಳಿದವರು ಪಾಪ ಗುರುಮಲ್ಲಪ್ಪ ಎನ್ನುತ್ತಾರೆ. ನಾನೂ ನಂಬಿದ್ದೆ. ಇವರೊಳಗೆ ಏನೋ ಒಂದು ಉತ್ತರ ಇದೆ, ನಾನು ಬಿಡುತ್ತಿಲ್ಲ, ಬಿಟ್ಟರೆ ನನಗೇ ಬಾಯಿ ಕಟ್ಟುತ್ತದೆ ಎಂಬ ಭಯ ನನಗಿತ್ತು. ಅದಕ್ಕೇ ಅಷ್ಟು ವರ್ಷ ಒಂದು ಬೆಳಿಗ್ಗೆಯನ್ನೂ ಬಿಟ್ಟುಕೊಟ್ಟಿರಲಿಲ್ಲ. ಜ್ವರ ಬಂದರೂ ಎದ್ದು ನೀರು ಹೊಯ್ದಿದ್ದೆ.

ಸೋಮವಾರ ಏಳು ಗಂಟೆಗೇ ನಾಗಭೂಷಣ ಬಂದ. ಏಳೂವರೆಗೆ ರಾಹುಕಾಲ, ಅದಕ್ಕೆ ಮುಂಚೆ ಬೀಗ ಹಾಕಬೇಕಂತೆ. ಕಂಕುಳಲ್ಲಿ ಹೊಸ ಬೀಗದ ಡಬ್ಬಿ, ಹಿಂದೆ ಆಟೋದವನ ತಲೆಯ ಮೇಲೆ ಆಳುದ್ದದ ಬೋರ್ಡು. ಅದನ್ನು ಜಗಲಿಗೆ ಒರಗಿಸಿ ಆಟೋದವನು ಹೋದ. ನಾಗಭೂಷಣ ಒಳಗೆ ಬಂದು, "ಅತ್ತಿಗೆ, ಹೊಲಿಗೆ ಮಿಷನ್ ಎತ್ತೋಕೆ ಜನ ಕರೀಲಾ?" ಎಂದ.

"ಕೂತ್ಕೋ. ಇನ್ನೂ ಕಾಫಿ ಇಳಿಸಿಲ್ಲ" ಎಂದೆ.

ಯಜಮಾನರು ತಮ್ಮನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ಇಳಿಸು, ಇಳಿಸು. ಈಗ ಜಾಸ್ತಿ ಹೊತ್ತು ಹಿಡಿಯಲ್ಲ ಬಿಡು" ಎಂದರು. ತಮ್ಮ ಹಲ್ಲು ಬಿಟ್ಟ. ನಾನು ಹದಿನೆಂಟು ಗ್ರಾಂ ತೂಗಿದೆ, ಬೆರಳಿನಿಂದ ಸಮ ಮಾಡಿದೆ, ನೆಟ್ಟಗೆ ಒತ್ತಿದೆ, ಹಿಡಿಕೆ ಸಿಕ್ಕಿಸಿದೆ, ಕೆಳಗೆ ಲೋಟ ಇಟ್ಟೆ. ಆಮೇಲೆ ಮಿಷನ್ನಿನಿಂದ ಎರಡು ಹೆಜ್ಜೆ ಹಿಂದೆ ನಿಂತೆ.

"ರೀ, ಬನ್ನಿ. ಇವತ್ತು ಗುಂಡಿ ನೀವು ಒತ್ತಿ."

ಅವರಿಗೆ ಅರ್ಥವಾಗಲಿಲ್ಲ. "ನಾನ್ಯಾಕೆ?"

"ಮಾತಾಡೋಕೆ ಬಿಡಲ್ಲ ಅಂತ ಊರಲ್ಲೆಲ್ಲ ಹೇಳ್ಕೊಂಡು ಬರ್ತೀರಲ್ಲ. ಇವತ್ತು ಬಿಟ್ಟಿದೀನಿ. ನನ್ನ ಬಾಯಿ ಕಟ್ಟಿರುತ್ತೆ, ಕಾಲು ಕಟ್ಟಿರುತ್ತೆ, ಕೇಳ್ತೀನಿ. ಒಂದೇ ಹೇಳಿ. ಆ ಕೋಣೆ ನಾನು ಯಾಕೆ ಬಿಡ್ಬೇಕು? ಕಾರಣ ಸರಿಯಾಗಿದ್ರೆ ಹೊಲಿಗೆ ಮಿಷನ್ ನಾನೇ ಹೊತ್ಕೊಂಡ್ ಹೋಗಿ ಸೌದೆ ಪಕ್ಕ ಇಡ್ತೀನಿ. ನಾಗನ ಎದುರಿಗೇ ಹೇಳ್ತಿದೀನಿ."

"ಬೆಳಿಗ್ಗೆ ಬೆಳಿಗ್ಗೆ ಏನಿದು ನಾಟಕ" ಎಂದರು. ಆದರೆ ತಮ್ಮ ನೋಡುತ್ತಿದ್ದ. "ಒತ್ತಣ್ಣ, ಹೇಳ್ಬಿಡು, ರಾಹುಕಾಲ ಬರುತ್ತೆ" ಎಂದ. ಯಜಮಾನರು ಎದ್ದು ಬಂದರು. ಯಾವ ಗುಂಡಿ ಎಂದು ಗೊತ್ತಿರಲಿಲ್ಲ, ತೋರಿಸಿದೆ. ಒತ್ತಿದರು.

ಮೊದಲ ಹನಿ ಬಿತ್ತು. ನನ್ನ ನಾಲಿಗೆ ಬಾಯೊಳಗೆ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತು. ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇವರು ಇದನ್ನು ದಿನಾ ಅನುಭವಿಸಿದ್ದಾರಲ್ಲ, ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮಾತು ಕಟ್ಟಿದಾಗ ಮನುಷ್ಯ ಬರೀ ನೋಡಬೇಕಾಗುತ್ತದೆ. ನಾನು ಅವರ ಮುಖವನ್ನೇ ನೋಡಿದೆ. ಮಾತಾಡುತ್ತ ಮಾತಾಡುತ್ತ ಅದನ್ನು ಎಷ್ಟೋ ವರ್ಷದಿಂದ ಸರಿಯಾಗಿ ನೋಡಿರಲಿಲ್ಲ.

ಕಾಫಿ ದಾರವಾಗಿ ಇಳಿಯಿತು. ಅವರು ಬಾಯಿ ತೆರೆದರು. "ಈಗ ನೋಡು ದಾಕ್ಷಾಯಿಣಿ" ಎಂದರು. ನೋಡಿದೆ. "ಅದೇನಂದ್ರೆ" ಎಂದರು. ತಮ್ಮನ ಕಡೆ ತಿರುಗಿದರು. ಅವನ ನಾಲಿಗೆಯೂ ಕಟ್ಟಿತ್ತು, ಬೀಗದ ಡಬ್ಬಿ ಹಿಡಿದುಕೊಂಡು ಕೂತಿದ್ದ. ಯಜಮಾನರ ಹಣೆಯಲ್ಲಿ ಬೆವರು ಬಂತು. ಮೂವತ್ತೊಂದು ವರ್ಷದಿಂದ ಅವರು ಒಳಗೆ ಇಟ್ಟುಕೊಂಡಿದ್ದಾರೆಂದು ನಾನು ಹೆದರಿದ್ದ ಆ ಉತ್ತರವನ್ನು ಅವರೂ ಹುಡುಕುತ್ತಿದ್ದರು. ಎಲ್ಲೋ ಇಟ್ಟಿದ್ದೆನಲ್ಲ ಎಂದು ಜೇಬು ತಡಕುವವರ ಮುಖ ಹಾಗಿರುತ್ತದೆ. ಲೋಟದಲ್ಲಿ ನೊರೆ ಏರಿತು.

"ನಾಗ ಕೇಳ್ದ" ಎಂದರು. "ಆಯ್ತು ಅಂದೆ."

ಅಷ್ಟೇ. ದಾರ ತೆಳ್ಳಗಾಯಿತು, ಬಣ್ಣ ಬಿಳಿಚಿತು, ಬಿಡಿ ಹನಿಯಾಯಿತು. ಅವರು ಲೋಟವನ್ನು ನೋಡುತ್ತ, ನನ್ನನ್ನಲ್ಲ, ಬಹಳ ಸಣ್ಣ ದನಿಯಲ್ಲಿ ಹೇಳಿದರು: "ನಿನ್ನ ಕೇಳ್ಬೇಕು ಅಂತ ನಂಗೆ ಹೊಳೀಲೇ ಇಲ್ಲ."

ಕೊನೆಯ ಹನಿ ಬಿತ್ತು. ನನ್ನ ನಾಲಿಗೆ ಬಿಚ್ಚಿಕೊಂಡಿತು. ನಾಗಭೂಷಣ ಅಣ್ಣನನ್ನು ನೋಡಿದ, ನನ್ನನ್ನು ನೋಡಿದ, ಬೀಗದ ಡಬ್ಬಿಯನ್ನು ಪಂಚೆಯ ಮರೆಗೆ ಸರಿಸಿದ. ಇವರ ವಂಶದ ಬಗ್ಗೆ ಹೇಳಲು ನನ್ನ ಹತ್ತಿರ ಎಷ್ಟಿತ್ತೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ತಲೆ ತಗ್ಗಿಸಿ ಕಾದರು. ನಾನು ಲೋಟ ತೆಗೆದು ಬಿಸಿ ಹಾಲು ಬೆರೆಸಿ ಮೈದುನನ ಮುಂದೆ ಇಟ್ಟೆ.

"ಕಾಫಿ ಕುಡ್ಕೊಂಡು ಹೊರಡು ನಾಗ. ಬೋರ್ಡ್ ಇಲ್ಲೇ ಇರ್ಲಿ" ಎಂದೆ.

ಬೋರ್ಡು ಕೋಣೆಯಲ್ಲೇ ಇದೆ. ಅಕ್ಷರ ಕೆಳಗೆ ಮಾಡಿ ಎರಡು ಸ್ಟೂಲಿನ ಮೇಲೆ ಹಾಕಿಕೊಂಡು ಅದರ ಮೇಲೆ ಬಟ್ಟೆ ಕತ್ತರಿಸುತ್ತೇನೆ. ಒಳ್ಳೆ ಗಟ್ಟಿ ಹಲಗೆ. ಕೋಮಲಳ ಮನೆಯಲ್ಲೂ ಈಗ ಗುಂಡಿ ಒತ್ತುವುದು ಅವಳ ಗಂಡನೇ ಅಂತೆ. ಮೊದಲ ದಿನ ಏನೂ ತೋಚದೆ, "ಆ ಕೆರೇಲಿ ಏನಿತ್ತು?" ಎಂದು ಕೇಳಿದನಂತೆ. ಕೊನೆಯ ಹನಿ ಬಿದ್ದ ಮೇಲೂ ಅವಳು ಹೇಳುವವರೆಗೆ ಕೂತಿದ್ದನಂತೆ. ಎಲ್ಲರ ಮನೆಯಲ್ಲೂ ಹಾಗಾಗುವುದಿಲ್ಲ.

ನನ್ನ ಸಿಟ್ಟು ಇಳಿದಿಲ್ಲ. ಕೋಣೆ ಉಳಿಯಿತು, ನಿಜ. ಆದರೆ ನನ್ನ ಅಮ್ಮ ಕಂಚುಗಾರನ ಪಕ್ಕ ಕೂತು ಎಣಿಸಿ ಹಾಕಿಸಿದ ತೂತುಗಳು ಎಲ್ಲಿಯೋ ಕರಗಿ ಯಾರದೋ ಮನೆಯ ಬಾಗಿಲ ಚಿಲಕವಾಗಿವೆ. ಅದಕ್ಕೇ ವಾರದಲ್ಲಿ ಆರು ದಿನ ಗುಂಡಿ ನಾನು ಒತ್ತುತ್ತೇನೆ, ಹೇಳಬೇಕಾದ್ದು ಏನಾದರೂ ಇದ್ದರೆ ಒಂದು ಮಾತು ಹೇಳುತ್ತೇನೆ. ಸೋಮವಾರ ಅವರು ಒತ್ತಬೇಕು. ಪ್ರಶ್ನೆ ಪ್ರತಿವಾರ ಒಂದೇ: "ಫಿಲ್ಟರ್ ಯಾಕೆ ಕೊಟ್ರಿ?"

ಇನ್ನೂ ಉತ್ತರ ಬಂದಿಲ್ಲ. ಹೊತ್ತು ಸಾಲಲಿಲ್ಲ ಎಂದು ನಾಳೆ ಕ್ಷೌರದ ಅಂಗಡಿಯಲ್ಲಿ ಅವರು ಹೇಳಬಾರದಲ್ಲ, ಅದಕ್ಕಾಗಿ ಪ್ರತಿ ಸೋಮವಾರ ಗ್ರೈಂಡರಿನ ಉಂಗುರವನ್ನು ಒಂದು ಗೆರೆಯಷ್ಟು ಬಿಗಿ ಮಾಡುತ್ತೇನೆ. ಹೋದ ವಾರ ಐವತ್ತೆರಡು ಸೆಕೆಂಡು ಹಿಡಿಯಿತು. ನಾನು ಬಾಯಿ ಕಟ್ಟಿಕೊಂಡು ಅವರ ಎದುರಿಗೆ ನಿಂತಿದ್ದೆ. ಅಷ್ಟು ಎಳೆದರೆ ಕಾಫಿ ವಿಷದ ಹಾಗೆ ಕಹಿಯಾಗುತ್ತದೆ. ಸೋಮವಾರದ ಕಾಫಿ ಅವರಿಗೇ ಕೊಡುತ್ತೇನೆ.